ಹೂಂಗುಟ್ಟದ ಪಾಡ್‌ಕಾಸ್ಟು

ಮಾತಿನ ಚಟ ಇರುವವರ ಕೈಗೆ ಮೈಕು ಕೊಡಬಾರದು. ಯಾರ ಮೇಲಿನ ಸಿಟ್ಟಿಗೂ ಇದನ್ನು ಹೇಳುತ್ತಿಲ್ಲ, ಆ ಚಟ ನನಗೇ ಇದೆ. ಮುಂಬೈನ ವಿಕ್ರೋಳಿಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ಆಯುಷ್ಯವೆಲ್ಲ ಮಾಲು ಮಾರುವವರ ಮಾತು ಕೇಳಿದವನು ನಾನು. ನಿವೃತ್ತಿಯಾದ ಮೇಲಾದರೂ ನಾಲ್ಕು ಮಾತು ನಾನು ಆಡೋಣ ಎಂದುಕೊಂಡರೆ ಅದರಲ್ಲಿ ತಪ್ಪೇನಿದೆ ಹೇಳಿ. ಚೆಂಬೂರಿನ ನಮ್ಮ ಕನ್ನಡ ಸಂಘದವರು ಪಾಡ್‌ಕಾಸ್ಟು ಮಾಡುವ ಮಾತೆತ್ತಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ನಾನೇ. ಪಾಡ್‌ಕಾಸ್ಟು ಎಂದರೇನೆಂದು ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ ಎನ್ನುವುದು ಬೇರೆ ವಿಷಯ.

ಯೋಜನೆ ಮಾತ್ರ ಚೆನ್ನಾಗಿತ್ತು. ಮುಂಬೈ ಕನ್ನಡಿಗರ ಕಥೆ, ಹಾಡು, ಆಚಾರಗಳನ್ನು ಹೊರಗಿನ ವಿದ್ವಾಂಸರು ಬಂದು ಬರೆದುಕೊಂಡು ಹೋಗುವುದು ಸಾಕು, ನಮ್ಮವರನ್ನು ನಾವೇ ಹುಡುಕಿಕೊಂಡು ಹೋಗಿ ಕೇಳೋಣ, ಕೇಳಿದ್ದನ್ನು ಎಲ್ಲರಿಗೂ ಕೇಳಿಸೋಣ ಎಂದು ನಿರ್ಧಾರವಾಯಿತು. ಹೆಸರನ್ನೂ ನಾನೇ ಇಟ್ಟೆ: ‘ನಮ್ಮವರ ದನಿ’. ಆ ದನಿ ಹೆಚ್ಚುಕಡಿಮೆ ನನ್ನೊಬ್ಬನದೇ ಆಗುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಮೊದಲ ಅತಿಥಿಯಾಗಿ ಸಿಕ್ಕವರು ನೀಲವ್ವ. ವಿಜಯಪುರದ ಕಡೆಯವರು. ಮದುವೆಯಾಗಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಮುಂಬೈಗೆ ಬಂದು, ವಿಕ್ರೋಳಿಯ ಚಾಳಿನ ಒಂದೇ ಕೋಣೆಯ ಖೋಲಿಯಲ್ಲೇ ಮುದುಕಿಯಾದವರು. ಸಂಜೆಯಾದರೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಕಥೆ ಹೇಳುತ್ತಿದ್ದರು. ಚಾಳಿನ ಮಕ್ಕಳೆಲ್ಲ ಸುತ್ತ ಕೂತು ಸಾಲುಸಾಲಿಗೂ “ಹೂಂ” ಎನ್ನುತ್ತಿದ್ದವು. ತಮ್ಮತಮ್ಮಲ್ಲಿ ಹಿಂದಿಯಲ್ಲೇ ಜಗಳವಾಡುವ ಮಕ್ಕಳು; ಆದರೆ ಹೂಂ ಎನ್ನುವುದಕ್ಕೆ ಭಾಷೆ ಬೇಕಿಲ್ಲವಲ್ಲ. ಅಜ್ಜಿಯ ಬಾಯಿಂದ ಕಥೆ ಕೇಳಿದವರಿಗೆಲ್ಲ ಇದು ಗೊತ್ತು: ಹೂಂ ಬಂದರೆ ಕಥೆ ಮುಂದಕ್ಕೆ ಹೋಗುತ್ತದೆ, ನಿಂತರೆ ಕೇಳುವವರು ನಿದ್ದೆ ಹೋದರೆಂದು ಕಥೆಯೂ ನಿಲ್ಲುತ್ತದೆ. ನನಗೂ ಗೊತ್ತಿತ್ತು. ನಾನು ಹೂಂ ಅನ್ನದಿದ್ದರೆ ಉಡುಪಿಯ ನಮ್ಮಜ್ಜಿ ತೊಡೆಗೆ ಚಿವುಟುತ್ತಿದ್ದರು.

ಆದರೆ ಕಿವಿಗೆ ಹೆಡ್‌ಫೋನು ಏರಿದ ಕೂಡಲೇ ನಾನು ಅಜ್ಜಿಯನ್ನು ಮರೆತೆ. ಫೋನಿನಲ್ಲಿ ಪಾಡ್‌ಕಾಸ್ಟಿನ ಪಾಠ ಹೇಳುವ ಯುವಕನೊಬ್ಬನನ್ನು ಗುರುವಾಗಿ ಸ್ವೀಕರಿಸಿದ್ದೆ. ಅತಿಥಿ ಮಾತಾಡುವಾಗ ಹಾಂ, ಹೂಂ ಎನ್ನಬೇಡಿ, ಸುಮ್ಮನೆ ತಲೆಯಾಡಿಸಿ ಎಂದಿದ್ದ ಆ ಮಹಾನುಭಾವ. ಸದ್ದಾಗುವಂಥದ್ದನ್ನೆಲ್ಲ ಆಚೆ ಹಾಕಿ ಎಂದೂ ಹೇಳಿದ್ದ. ಹಾಕಿದೆ. ನೀಲವ್ವನವರ ಖೋಲಿಯ ಫ್ಯಾನು ನಿಲ್ಲಿಸಿದೆ. ಪಕ್ಕದ ಖೋಲಿಯವರಿಗೆ ಕೈಮುಗಿದು ಕುಕ್ಕರು ಇಳಿಸುವಂತೆ ಮಾಡಿದೆ. ಕಥೆಯ ಆಸೆಗೆ ಬಂದು ಕೂತಿದ್ದ ಮಕ್ಕಳನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಹಾಕಿದೆ. ಮೇ ತಿಂಗಳ ಸೆಕೆ ಬೇರೆ, ಇಬ್ಬರೂ ಬೆವರಿನಲ್ಲಿ ತೊಯ್ದುಹೋದೆವು.

“ಒಂದೂರಾಗ ಒಬ್ಬಾಕಿ ಹುಡಿಗಿ ಇದ್ಲು,” ಎಂದು ಶುರುಮಾಡಿದರು ನೀಲವ್ವ. ನಾನು ತಲೆಯಾಡಿಸಿದೆ. ಅವರು ಕಾದರು. ಕಣ್ಣಿಗೆ ಪೊರೆ ಬಂದಿದ್ದ ಅವರಿಗೆ ನನ್ನ ತಲೆ ಆಡಿದರೇನು, ಬಿಟ್ಟರೇನು. “ನೀರಿಗೆ ಹ್ವಾದ್ಲು. ಬಾವಿ ಕೇಳ್ತು, ನೀರು ಕೊಟ್ರ ನನಗ ಏನ್ ಕೊಡ್ತಿ ಅಂತ.” ಮತ್ತೆ ಕಾದರು. ನಾನು ಕತ್ತು ನೋಯುವ ಹಾಗೆ ತಲೆಯಾಡಿಸಿದೆ. “ಹುಡಿಗಿ ಕಡೆ ಏನಿತ್ತು? ಏನೂ ಇದ್ದಿದ್ದಿಲ್ಲ. ತನ್ನ ಹೆಸರ ಬಾವಿಗಿ ಕೊಟ್ಟು ಬಂದ್ಲು. ಮನೀಗ್ ಬಂದ್ರ ಆಕೀನ್ನ ಕರಿಯಾಕ ಯಾರಿಗೂ ಹೆಸರ ಇಲ್ಲ.” ಅಷ್ಟು ಹೇಳಿ ನಿಲ್ಲಿಸಿದರು. “ಕೇಳಾಕತ್ತೀರಿಲ್ರೀ?” ಎಂದರು. ನಾನು ಗುರುವಾಕ್ಯ ಮೀರದೆ ಹೆಬ್ಬೆರಳು ಎತ್ತಿ ತೋರಿಸಿದೆ. “ಇರ್ಲಿ ಬಿಡ್ರಿ, ಆಮ್ಯಾಲ ಹೇಳ್ತೀನಿ,” ಎಂದು ನೀಲವ್ವ ಸುಮ್ಮನಾದರು.

ರೆಕಾರ್ಡಿಂಗ್ ಓಡುತ್ತಿದೆ, ಅತಿಥಿ ಸುಮ್ಮನೆ ಕೂತಿದ್ದಾರೆ. ಖಾಲಿ ಬಿಡಬಾರದಲ್ಲ ಎಂದು ನಾನು ಬಾಯಿ ತೆರೆದೆ. ಜನಪದದ ಮಹತ್ವದಿಂದ ಹೊರಟವನು ನಮ್ಮಜ್ಜಿಯ ಕಡೆ ತಿರುಗಿ, ಅಲ್ಲಿಂದ ಲೋಕಲ್ ರೈಲಿನ ನೂಕುನುಗ್ಗಲಿಗೆ ಬಂದು, ಕಾರ್ಖಾನೆಯ ಮ್ಯಾನೇಜರನಿಗೆ ನಾನು ಎದುರುತ್ತರ ಕೊಟ್ಟ ಪ್ರಸಂಗದವರೆಗೆ ಮುಟ್ಟಿದೆ. ನೀಲವ್ವ ಎಷ್ಟು ಚೆಂದ ಹೂಂಗುಟ್ಟಿದರು ಅಂತೀರಿ! ನಗುವ ಕಡೆ ಬೇರೆ ಹೂಂ, ಅಯ್ಯೋ ಎನ್ನುವ ಕಡೆ ಬೇರೆ ಹೂಂ. ಅಂಥ ಶ್ರೋತೃ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಹೊರಡುವಾಗ, “ನಿಮ್ಮ ಕಥೆ ಅರ್ಧಕ್ಕೆ ನಿಂತಿತು, ಇನ್ನೊಮ್ಮೆ ಬರುತ್ತೇನೆ,” ಎಂದೆ. “ಬರ್ರಿ, ಅದೆಲ್ಲಿ ಓಡಿ ಹೊಕ್ಕೈತಿ,” ಎಂದು ನಕ್ಕರು.

ಕಂತು ಹೊರಬಿತ್ತು. ನಿರೂಪಣೆ ಅದ್ಭುತ ಎಂದು ಕಾಂದಿವಲಿಯ ಭಾವನೂ ಸಂಘದ ಒಂದಿಬ್ಬರೂ ಬರೆದರು. ಹೆಂಡತಿ ಮಾತ್ರ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿ, “ಎಲ್ಲ ಸರಿ ಉಂಟು ಮಾರಾಯ್ರೆ, ಆ ಅಜ್ಜಿ ಯಾವಾಗ ಬರುವುದು?” ಎಂದಳು. ಎರಡನೇ ಭಾಗದಲ್ಲಿ ಎಂದೆ. ಆ ಎರಡನೇ ಭಾಗಕ್ಕೆ ಮೊದಲು ಮಳೆ ಅಡ್ಡ ಬಂತು, ಆಮೇಲೆ ಗಣಪತಿ. ನಡುವೆ ಆರಂಭದ ಸಂಗೀತಕ್ಕೆ ಕೊಳಲೋ ತಬಲವೋ ಎಂಬ ದೊಡ್ಡ ಚರ್ಚೆಯೂ ನಡೆಯಿತು. ಕೊಳಲು ಎಂದು ತೀರ್ಮಾನವಾಗುವಷ್ಟರಲ್ಲಿ ನೀಲವ್ವ ತೀರಿಕೊಂಡಿದ್ದರು. ಚೆಂಬೂರಿನಿಂದ ವಿಕ್ರೋಳಿ ಎಷ್ಟು ದೂರ ಹೇಳಿ. ಒಂದು ಮಧ್ಯಾಹ್ನ ಎದ್ದು ಹೋಗಿದ್ದರೆ ಆಗುತ್ತಿತ್ತು.

ಹೋದ ವಾರ ಒಂದು ಫೋನು ಬಂತು. “ಅಂಕಲ್, ನಾನು ಪೂಜಾ. ನೀಲವ್ವ ಅಜ್ಜೀದು ಮೊಮ್ಮಗಳು,” ಎಂದಿತು ಹೆಣ್ಣುದನಿ. ಮುಂಬೈಯಲ್ಲೇ ಹುಟ್ಟಿ ಬೆಳೆದವಳು; ಕನ್ನಡ ತಡವರಿಸುತ್ತಿತ್ತು. “ಅಜ್ಜೀದು ವೋ ಬಾವೀದು ಸ್ಟೋರಿ ನಿಮ್ಮ ಹತ್ರ ಪೂರಾ ಐತಿ ನಾ? ಸಣ್ಣಾಕಿ ಇದ್ದಾಗ ನಾನು ಹರ್ ಬಾರ್ ನಡುವೇನೇ ಮಲಗಿಬಿಡ್ತಿದ್ದೆ. ಎಂಡ್ ಕಭೀ ಕೇಳೇ ಇಲ್ಲ. ಈಗ ನನ್ನ ಮಗಳು ಕೇಳ್ತಾಳ, ಆ ಹುಡಿಗೀಗೆ ಹೆಸರು ವಾಪಸ್ ಸಿಕ್ತಾ ಅಂತ. ಏನ್ ಹೇಳ್ಲಿ?”

ಚಾಳಿನ ಮಕ್ಕಳನ್ನು ಕೇಳಿ ನೋಡಬಹುದೆಂದೆ. ಕೇಳಿದ್ದಾಳಂತೆ, ಒಬ್ಬೊಬ್ಬ ಒಂದೊಂದು ಹೇಳುತ್ತಾನಂತೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ: ಕಥೆ ಅರ್ಧವೇ ಇದೆಯಮ್ಮಾ, ಮಿಕ್ಕಿದ್ದೆಲ್ಲ ನನ್ನ ಮಾತು, ನಡುನಡುವೆ ನಿನ್ನ ಅಜ್ಜಿಯ ಹೂಂ ಮಾತ್ರ ಇದೆ.

ಪೂಜಾ ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು. “ಕೋಯಿ ಬಾತ್ ನಹೀ ಅಂಕಲ್,” ಎಂದಳು. “ನೀವು ಮತ್ತೆ ಬಂದು ಪೂರಾ ರೆಕಾರ್ಡ್ ಮಾಡಿದ್ರೇನೋ ಅಂತ ಕೇಳ್ದೆ. ಅಜ್ಜಿ ಅವತ್ತೇ ಹೇಳಿದ್ಲು ನನಗೆ. ‘ಪಾಪ, ಛಲೋ ಮನಷ್ಯಾ. ಅವರ ಮನ್ಯಾಗ ಹೂಂ ಅನ್ನೋರು ಯಾರೂ ಇಲ್ಲ ಕಾಣ್ತೈತಿ. ಅದಕ್ಕ ನನ್ನ ಕತಿ ಬಾಜೂಕಿಟ್ಟು ಅವರದ ಕೇಳಿದೆ’ ಅಂತ.”

ನಾನು “ಹೂಂ” ಎಂದೆ. ಫೋನು ಕೆಳಗಿಟ್ಟೆ.

ಅಡಿಗೆಮನೆಯಿಂದ ಹೆಂಡತಿ ಗಾಬರಿಯಾಗಿ ಹೊರಗೆ ಬಂದಳು. “ಎಂತ, ಇಷ್ಟು ಬೇಗ ಮುಗಿಯಿತಾ? ರಾಂಗ್ ನಂಬರಾ?”