ಚೇರ್ಮನ್ನರಿಗೆ ಸುಳಿ ತೋರಿಸಿದ್ದು

ಸುಳಿ ಎಂದರೇನು ಎಂದು ನನಗೆ ಮೊದಲು ಹೇಳಿದವರು ಪುಣೆಯ ಕಾಲೇಜಿನ ನಮ್ಮ ಭೌತಶಾಸ್ತ್ರದ ಮಾಸ್ತರರು. ನೀರಾಗಲಿ ಗಾಳಿಯಾಗಲಿ, ಮೆಲ್ಲಗೆ ಹರಿಯುವಾಗ ಪಂಢರಪುರಕ್ಕೆ ಹೊರಟ ಭಕ್ತರ ದಿಂಡಿಯ ಹಾಗೆ ಸಾಲು ಹಿಡಿದು ಹೋಗುತ್ತದಂತೆ. ವೇಗ ಹೆಚ್ಚಿತೋ, ಕಲ್ಲು ಅಡ್ಡ ಬಂತೋ, ಸಾಲು ಮುರಿಯಿತು. ದೊಡ್ಡ ಸುಳಿ ಸಣ್ಣ ಸುಳಿಗಳನ್ನು ಹಡೆಯುತ್ತದೆ; ಯಾವ ಹನಿ ಎತ್ತ ಹೋದೀತೆಂದು ಬ್ರಹ್ಮನೂ ಹೇಳಲಾರ. ಅಂದಿನಿಂದ ಸುಳಿ ಕಂಡಲ್ಲಿ ನಾನು ನಿಲ್ಲುತ್ತೇನೆ. ನಿಂತಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಊದಿನಕಡ್ಡಿ

ಬೆಳಗಾವಿಯ ಖಾಸಬಾಗದ ನಮ್ಮ ಮನೆಯಲ್ಲಿ ದೇವರ ಮುಂದಿನ ಊದಿನಕಡ್ಡಿಯ ಹೊಗೆ ಗೇಣುದ್ದ ದಾರದಂತೆ ನೇರ ಏರಿ, ತಟ್ಟನೆ ಒಡೆದು ಸುರುಳಿಯಾಗುತ್ತಿತ್ತು. ಒಡೆಯುವ ಜಾಗ ನೋಡಬೇಕೆಂದು ಉಸಿರು ಬಿಗಿಹಿಡಿದು ಕೂತೆ. ಅತ್ತೆಯವರು ಬಾಜೂ ಮನೆಯವರನ್ನೆಲ್ಲ ಕರೆತಂದರು.

"ಗಪ್ ನಿಂದರ್ರಿ. ಕಾಲೇಜು ಕಲ್ತ ಸೊಸಿಗೆ ಕಡೀಕೂ ಭಕ್ತಿ ಬಂದೈತಿ."

"ಅತ್ತಿ, ನಾ ಹೊಗಿ ನೋಡಾಕತ್ತೀನ್ರಿ," ಎಂದೆ.

ಬಾಜೂ ಮನೆಯ ಅಜ್ಜಿ ಕೈಮುಗಿದರು. "ಹೊಗಿ ಕಂಡೈತಂದ್ರ ದೇವರೂ ಹಿಂದ ಬರಾಕತ್ತಾನ ಬಿಡ್ರಿ."

೨. ಹೊಲಿಗೆ

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಸಾಯನ್ಸ್ ಕಲಿಸುವ ಬಾಯಾರಾಗಿದ್ದೆ. ಆ ತಾಸನ್ನೂ ತೆಗೆದು ಹೊಲಿಗೆಗೆ ಕೊಡಬೇಕೆಂದು ಶಾಲೆಯ ಚೇರ್ಮನ್ನರು ಹಟ ಹಿಡಿದರು. ನಾನು ಅವರೆದುರು ತಂಬಿಗೆಯಿಂದ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ನೀರು ಸುರಿದು ತೋರಿಸಿದೆ.

"ಬಾಯಾರ, ನೀರು ಸುರಿಯೂದು ನಮ್ಮ ಮನ್ಯಾಗ ಎಲ್ಲಾರ್ಗೂ ಬರ್ತೈತಿ. ಇದರಾಗ ಕಲಿಸೂದೇನೈತ್ರಿ?"

"ಕಲ್ಲಿನ ಹಿಂದ ನೀರು ಉಲ್ಟಾ ಹರೀತೈತ್ರಿ ಸಾಹೇಬ್ರ. ಅದು ಗೊತ್ತೈತೇನ್ರಿ?"

"ಉಲ್ಟಾ ಹರದದ್ದು ತೋರಸ್ರಿ, ಆ ತಾಸು ನಿಮಗ ಬಿಟ್ಟೆ. ಇಲ್ಲಾಂದ್ರ ಸೋಮವಾರದಿಂದ ನೀವೂ ಹೊಲಿಗಿ ಕಲಸ್ರಿ."

ನನಗೆ ಗುಂಡಿ ಹಚ್ಚಲೂ ಬಾರದು. ನದಿಯನ್ನು ಉಲ್ಟಾ ಹರಿಸುವುದೇ ಸಲೀಸೆನ್ನಿಸಿತು.

೩. ಮಲಪ್ರಭೆ

ಆದಿತ್ಯವಾರ ಹುಡುಗಿಯರು, ಚೇರ್ಮನ್ನರು, ಒಂದು ಬುಟ್ಟಿ ಚೆಂಡುಹೂವು, ನಾನು ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ಹೊಳೆಯ ನಡುವೆ ದೊಡ್ಡ ಬಂಡೆ. ನಾನು ಹೂವು ಎಸೆಯುವ ಮೊದಲೇ, ಬಗ್ಗಿ ನೋಡುತ್ತಿದ್ದ ಚೇರ್ಮನ್ನರ ಕರಿ ಟೊಪಿಗೆಯನ್ನು ಗಾಳಿ ನೀರಿಗೆ ಹಾಕಿತು. ಅದು ಬಂಡೆ ದಾಟಿ ಕೆಳಗೆ ಹೋಯಿತು, ನಿಂತಿತು, ತಿರುಗಿತು, ಪ್ರವಾಹಕ್ಕೆ ಎದುರಾಗಿ ಬಂಡೆಯ ಬೆನ್ನಿಗೆ ಬರತೊಡಗಿತು.

"ಬಾಯಾರ, ಟೊಪಿಗಿ ಹೊಳ್ಳಿ ಬರಾಕತ್ತೈತ್ರಿ," ಎಂದು ಹುಡುಗಿಯರು ಕುಣಿದರು.

"ಗಾಳಿ ತಳ್ಳಾಕತ್ತೈತಿ ಅದನ್ನ," ಎಂದರು ಚೇರ್ಮನ್ನರು.

"ಗಾಳಿ ಕೆಳಗಿನ ಕಡೆ ಬೀಸಾಕತ್ತೈತಲ್ರಿ ಸಾಹೇಬ್ರ," ಎಂದಳು ಒಬ್ಬಳು.

ಅವರು ಬುಟ್ಟಿ ಕಸಿದುಕೊಂಡು ಒಂದು ಹೂವು ಎಸೆದರು. ಅದೂ ತಿರುಗಿ ಬಂತು. ಮತ್ತೊಂದು ಎಸೆದರು, ಅದು ಬೇರೆ ಸುಳಿ ಹಿಡಿಯಿತು. ನೀರಿಗಿಳಿದರು; ಧೋತರ ಮೊಣಕಾಲಿಗೇರಿತು.

"ಸಾಹೇಬ್ರ, ಗಾಡಿ ತಪ್ಪತೈತ್ರಿ," ಎಂದೆ.

"ಗಾಡಿ ನಾಳೀನೂ ಬರ್ತೈತಿ. ಈ ಹೂವು ಎತ್ತ ಹೋಗತೈತಿ ಹೇಳ್ರಿ ಮೊದಲ."

"ಹೇಳಾಕ ಬರೂದಿಲ್ರಿ."

"ಕಾಲೇಜು ಕಲ್ತೂ?"

"ಕಲ್ತಮ್ಯಾಲನ ಗೊತ್ತಾತ್ರಿ, ಹೇಳಾಕ ಬರೂದಿಲ್ಲಂತ."

ಗಾಡಿ ತಪ್ಪಿತು, ಸಾಯನ್ಸ್ ಉಳಿಯಿತು. ಚೇರ್ಮನ್ನರು ಈಗ ಬೆಳಗಾವಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ: ಟೊಪಿಗೆಯನ್ನು ತಾವೇ ಪ್ರಯೋಗಕ್ಕೆಂದು ನೀರಿಗೆ ಬಿಟ್ಟರಂತೆ. ನೀವೂ ನಾಲ್ಕು ಮಂದಿಗೆ ಹಾಗೆಯೇ ಹೇಳಿರಿ. ಆ ಟೊಪಿಗೆಗೆ ಈಗ ಗದ್ದದ ಕೆಳಗೆ ಕಟ್ಟುವ ಲಾಡಿ ಏಕೆ ಬಂತೆಂದು ಯಾರಾದರೂ ಕೇಳಿದರೆ, ಹೊಲಿಗೆಯ ತಾಸಿನವರನ್ನು ವಿಚಾರಿಸಲು ಹೇಳಿರಿ.