ಮಸ್ಕತ್ತಿಗೆ ಹೊರಟ ಎರಡು ಕಲ್ಲು

ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವವನು ನಾನಲ್ಲ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಆಮೇಲೆ ಅಕ್ಕಿ ಗಿರಣಿ, ಸಂಜೆ ಮನೆ. ಇಷ್ಟೇ ನನ್ನ ದಿನಚರಿ. ಆದರೂ ಅವು ನಮ್ಮ ಮನೆಯ ವಿಳಾಸ ಕೇಳಿಕೊಂಡು ಬಂದೇ ಬರುತ್ತವೆ. ಈ ಸಲ ಆರೋಗ್ಯ ವಿಮೆಯ ವೇಷದಲ್ಲಿ ಬಂದವು.

ಸಂಗತಿ ಹೀಗೆ. ಮಾನ್ವಿಯ ಗಿರಣಿಯೊಂದರಲ್ಲಿ ಅಕ್ಕಿಯ ಗುಣ ನೋಡುತ್ತ ನೋಡುತ್ತ ನನ್ನ ತಲೆಯೂ ಅಕ್ಕಿಯ ಬಣ್ಣಕ್ಕೆ ತಿರುಗಿದೆ. ನಮ್ಮಿಂದ ಅಕ್ಕಿ ತರಿಸಿಕೊಳ್ಳುವ ಮಸ್ಕತ್ತಿನ ಸಾಹುಕಾರರು, "ಎರಡು ವರ್ಷ ನಮ್ಮ ಗೋದಾಮಿಗೆ ಬರ್ರಿ, ಮನೆಯವರನ್ನೂ ಕರಕೊಂಡು ಬರ್ರಿ" ಎಂದರು. ನಾವಿಬ್ಬರೂ ಒಪ್ಪಿದೆವು. ಅಡ್ಡಿ ಒಂದೇ. ನನ್ನ ಮನೆಯವಳ ಪಿತ್ತಕೋಶದಲ್ಲಿ ಎರಡು ಕಲ್ಲುಗಳಿವೆ. "ಅವಸರವಿಲ್ಲ, ಆದರೆ ವರ್ಷದೊಳಗೆ ತೆಗೆಸಲೇಬೇಕು" ಎಂದು ಡಾಕ್ಟರು ಹೇಳಿದ್ದರು. ಚಾತುರ್ಮಾಸದಲ್ಲಿ ಹೊಟ್ಟೆ ಕೊಯ್ಯಿಸಿಕೊಳ್ಳುವುದಿಲ್ಲ ಎಂದು ಇವಳ ಹಟ. ಚಾತುರ್ಮಾಸ ಮುಗಿಯುವುದರೊಳಗೆ ಬರಬೇಕೆಂದು ಸಾಹುಕಾರರ ಹಟ. ಹಾಗಾಗಿ ಆಪರೇಶನ್ ಅಲ್ಲಿಯೇ ಆಗಬೇಕು, ಅಲ್ಲಿಯ ವಿಮೆ ಅದನ್ನು ಹೊರಬೇಕು. ಹೊರದಿದ್ದರೆ ಇವಳು ಇಲ್ಲಿ, ನಾನು ಅಲ್ಲಿ. ಅಕ್ಕಿಯ ವಿಷಯದಲ್ಲಿ ನಾನು ಪಂಡಿತ. ಅನ್ನ ಮಾಡಲು ಮಾತ್ರ ಬರುವುದಿಲ್ಲ.

ಚೀಲ ಚುಚ್ಚಿ ನೋಡಿದ್ದು

ಸಾಹುಕಾರರ ಆಫೀಸಿನವರು ಮೂರು ಯೋಜನೆಗಳ ಪುಸ್ತಕವನ್ನು ಮೊಬೈಲಿಗೆ ಕಳಿಸಿ, "ಆರಿಸಿಕೊಳ್ಳಿ" ಎಂದರು. ಬೆಳ್ಳಿ, ಬಂಗಾರ, ವಜ್ರ ಎಂದು ಹೆಸರು. ಆಸ್ಪತ್ರೆಗೆ ಹೋಗುವವರಿಗೆ ಆಭರಣದ ಅಂಗಡಿಯ ಉಪಚಾರ. ಮಾನ್ವಿಯ ಝೆರಾಕ್ಸ್ ಅಂಗಡಿಯಲ್ಲಿ ಕಾಗದಕ್ಕೆ ಇಳಿಸಿದಾಗ ಅದು ನಮ್ಮ ಪಂಚಾಂಗಕ್ಕಿಂತ ದಪ್ಪವಾಯಿತು.

ಹಳ್ಳಿಯ ಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷು ನಿಧಾನದ್ದು. ಅದಕ್ಕೆ ಗಿರಣಿಯ ಪದ್ಧತಿ ಹಿಡಿದೆ. ಲಾರಿ ಬಂದರೆ ನಾವು ಇಡೀ ಚೀಲ ಸುರಿದು ನೋಡುವುದಿಲ್ಲ. ಮೇಲೆ, ನಡುವೆ, ತಳದಲ್ಲಿ ಸಲಾಕಿ ಚುಚ್ಚಿ ಅಂಗೈಗೆ ಕಾಳು ಇಳಿಸಿಕೊಂಡರೆ ಮಾಲು ಎಂಥದೆಂದು ಗೊತ್ತಾಗುತ್ತದೆ. ಪುಸ್ತಕವನ್ನೂ ಹಾಗೆಯೇ ಚುಚ್ಚಿದೆ. ಮೇಲೆ, "ನಿಮ್ಮ ಪ್ರತಿಯೊಂದು ಕಷ್ಟದಲ್ಲೂ ನಾವಿದ್ದೇವೆ" ಎಂದಿತ್ತು. ನಡುವೆ ಒಬ್ಬ ರೋಗಿ ಹಾಸಿಗೆಯಲ್ಲಿ ಮಲಗಿ, ಮದುವೆ ಮನೆಯಲ್ಲಿ ಕೂತವನಂತೆ ನಗುತ್ತಿದ್ದ. ತಳದಲ್ಲಿ, "ಕೆಳಗಿನವುಗಳಿಗೆ ನಾವು ಜವಾಬ್ದಾರರಲ್ಲ" ಎಂದು ಶುರುವಾದ ಪಟ್ಟಿ ಹದಿನಾಲ್ಕು ಪುಟ ಹರಿದಿತ್ತು.

ಅದನ್ನು ಮೂರು ಸಲ ಓದಿ ತಿಳಿದದ್ದಿಷ್ಟು: ಹಳೆಯ ರೋಗವನ್ನು ಬೆಳ್ಳಿ ಮುಟ್ಟುವುದಿಲ್ಲ. ವಜ್ರವನ್ನು ಸಾಹುಕಾರರು ಕೊಡಿಸುವುದಿಲ್ಲ. ಬಂಗಾರ ಮಾತ್ರ ಆರು ತಿಂಗಳ ನಂತರ ಮುಟ್ಟುತ್ತದೆ. ಆದರೆ ರೋಗವನ್ನು ಮೊದಲೇ ಬಾಯಿಬಿಟ್ಟು ಹೇಳಿರಬೇಕು, ಮುಚ್ಚಿಟ್ಟರೆ ಪಾಲಿಸಿಯೇ ರದ್ದು.

ಗಿರಣಿಯಲ್ಲಿ ಇಂಥ ಮಾಲು ಬಂದಿದ್ದರೆ ಲಾರಿಯನ್ನು ಗೇಟಿನಿಂದಲೇ ತಿರುಗಿಸುತ್ತಿದ್ದೆ. ಇಲ್ಲಿ ಚೀಲದೊಳಗೆ ನಾವೇ ಕೂರಬೇಕಾಗಿತ್ತು.

ಹನ್ನೊಂದು ದಿನದ ಅನುಭವಿ

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಹಿರಿಯರಿದ್ದಾರೆ. ಮಗಳನ್ನು ನೋಡಲು ದುಬೈಗೆ ಹೋಗಿ ಹನ್ನೊಂದು ದಿನ ಇದ್ದು ಬಂದವರು. ಅಂದಿನಿಂದ ಅರಬ್ಬೀ ಸಮುದ್ರದ ಆಚೆಯ ವಿಷಯವನ್ನೆಲ್ಲ ಓಣಿಯವರು ಅವರನ್ನೇ ಕೇಳಬೇಕು. ಕೇಳದಿದ್ದರೆ ಅವರೇ ಬಂದು ಹೇಳುತ್ತಾರೆ.

"ವಿಮಾ ಗಿಮಾ ಯಾಕ್ರೀ? ಆ ದೇಶದಾಗ ಯಾರಿಗೂ ಜಡ್ಡೇ ಬರಂಗಿಲ್ಲ. ಧೂಳಿಲ್ಲ, ಸೊಳ್ಳಿ ಇಲ್ಲ, ರಸ್ತಾದಾಗ ಹಂದಿ ಇಲ್ಲ."

"ಅಷ್ಟು ದೊಡ್ಡ ದೊಡ್ಡ ಆಸ್ಪತ್ರೆಗಳವ ಅಂತಾರಲ್ರೀ?"

"ಅವು ನಮ್ಮಂಥಾವರು ಹೋಗ್ತೀವಲ್ಲ, ಅದಕ್ಕ."

"ನಿಮಗೇನೂ ಆಗಲಿಲ್ಲೇನ್ರೀ ಅಲ್ಲಿ?"

"ಹಲ್ಲು ನೋವು ಬಂದಿತ್ತು," ಎಂದರು ಗಂಭೀರವಾಗಿ. "ಅದಕ್ಕ ಹನ್ನೊಂದನೇ ದಿನಕ್ಕ ಮಾನ್ವಿಗೆ ವಾಪಸ್ ಬಂದುಬಿಟ್ಟೆ."

ರಾಯಚೂರಿನ ಏಜೆಂಟರು

ಫಾರಂ ತುಂಬುವುದು ಗೊತ್ತಿದ್ದವರನ್ನು ಕೇಳೋಣವೆಂದು ರಾಯಚೂರಿನ ಒಬ್ಬ ವಿಮಾ ಏಜೆಂಟರಲ್ಲಿಗೆ ಹೋದೆ. ನಮ್ಮ ಕಷ್ಟ ಕೇಳುವ ಮೊದಲೇ ಅವರು ತಮ್ಮ ಪಾಲಿಸಿಯ ಕಾಗದ ಹಾಸಿದರು.

"ಇದನ್ನ ತಗೊಳ್ರಿ. ಪೂರಾ ಕ್ಯಾಶ್‌ಲೆಸ್."

"ಇದು ಮಸ್ಕತ್ತಿನಾಗ ನಡೀತದೇನ್ರೀ?"

"ಮಸ್ಕತ್ತಿನಾಗ ನಡಿಯಂಗಿಲ್ಲ. ಆದರ ನೀವು ಅಲ್ಲಿ ಬಿದ್ದ ಕೂಡ್ಲೆ ಎದ್ದು ರಾಯಚೂರಿಗೆ ಬಂದುಬಿಡ್ರಿ. ಇಲ್ಲಿ ಬಂದು ಮತ್ತ ಬಿದ್ರೆ, ಆಮ್ಯಾಲೆ ಎಲ್ಲಾ ನಮ್ಮ ಜವಾಬ್ದಾರಿ."

ಎರಡು ಸಲ ಬೀಳುವ ಶಕ್ತಿ ನನಗಿಲ್ಲವೆಂದು ವಿನಯದಿಂದ ಹೇಳಿ, ಮಸ್ಕತ್ತಿನ ಫಾರಂ ಮುಂದಿಟ್ಟೆ. ಕಲ್ಲಿನ ಕಥೆ ಕೇಳಿದ್ದೇ ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಅದನ್ನ ಬರೀಬ್ಯಾಡ್ರಿ. ಕಲ್ಲು ಹೊಟ್ಟಿಯೊಳಗ ಅದ, ಯಾರಿಗೆ ಕಾಣ್ತದ?"

"ದೇವರಿಗೆ ಕಾಣ್ತದಲ್ರೀ. ಸುಳ್ಳು ಬರೆದು ಸಹಿ ಮಾಡಿದ ಕೈಲೆ ನಾಳೆ ತುಳಸಿಗೆ ನೀರು ಹೆಂಗ ಹಾಕಲಿ?"

ಏಜೆಂಟರೂ ದೈವಭಕ್ತರೇ. ಗೋಡೆಯ ಮೇಲಿನ ಪಟಕ್ಕೆ ಕೈಮುಗಿದು, ಸ್ವಲ್ಪ ಹೊತ್ತು ಕಣ್ಣುಮುಚ್ಚಿ, ಧರ್ಮಸೂಕ್ಷ್ಮವೊಂದನ್ನು ಕಂಡುಕೊಂಡರು.

"ಹಂಗಾರ ಸಹಿ ನಿಮ್ಮ ಮನಿಯವರ ಕಡೆ ಮಾಡಿಸ್ರಿ, ನೀರು ನೀವು ಹಾಕ್ರಿ."

ದೇವದುರ್ಗದ ಆರೋಗ್ಯ

ಕಲ್ಲನ್ನು ನಾನೇ ಬರೆದೆ. ಆದರೆ ಫಾರಂನಲ್ಲಿ ಇನ್ನೊಂದು ಪುಟವಿತ್ತು: ತಂದೆ ತಾಯಿ, ಒಡಹುಟ್ಟಿದವರಿಗೆ ಯಾವ ಯಾವ ರೋಗ? ಇವಳ ತವರು ದೇವದುರ್ಗ. ಸಿರವಾರದ ಮೇಲೆ ಹಾಯ್ದು ಇಬ್ಬರೂ ಹೋದೆವು.

ಆ ಮನೆಯಲ್ಲಿ ಒಂದು ಶಿಸ್ತಿದೆ. ರೋಗದ ಹೆಸರು ಬಾಯಲ್ಲಿ ಬಂದರೆ ರೋಗ ಬೆಳೆಯುತ್ತದೆ ಎಂದು, ಯಾರು ಕೇಳಿದರೂ "ದೇವರ ದಯ, ಆರಾಮ" ಎನ್ನುವುದು. ಜೊತೆಗೆ ಆಗ ಮನೆಯ ಹುಡುಗಿಗೆ ವರ ನೋಡುತ್ತಿದ್ದರು.

"ಸಕ್ಕರಿ ಕಾಯಿಲೆ ಅದ ಏನ್ರೀ ಭಾವನವರ?" ಎಂದು ಇವಳ ಅಣ್ಣನನ್ನು ಕೇಳಿದೆ.

"ಇಲ್ರೀ ರಾಯರ."

"ಬಿಪಿ?"

"ನಮ್ಮ ವಂಶದಾಗೇ ಇಲ್ಲ."

ಅವರ ಪಕ್ಕದಲ್ಲಿ ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂದು ಬರೆದ ಮೂರು ಖಾನೆಗಳ ಡಬ್ಬಿ ಇತ್ತು. ನಾನು ನೋಡಿದ್ದನ್ನು ಅವರು ನೋಡಿದರು. "ಯಾಲಕ್ಕಿ ಇಡ್ತೀನ್ರೀ ಅದರಾಗ," ಎಂದು, ಎರಡು ಬಿಳಿ ಯಾಲಕ್ಕಿ ತೆಗೆದು ನೀರಿನ ಜೊತೆ ನುಂಗಿದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ದನಿ: "ಕಪ್ಪು ಅದಲು ಬದಲು ಮಾಡಿಕೋಬ್ಯಾಡ್ರಿ, ನಮ್ಮನಿಯವರ ಚಹಾಕ್ಕ ಸಕ್ಕರಿ ಹಾಕಿಲ್ಲ!"

ಮಾತು ಬದಲಿಸಲು ಮಾವನವರ ವಿಷಯ ತೆಗೆದೆ. "ಅವರಿಗೆ ಏನು ಬ್ಯಾನಿ ಇತ್ತು?"

"ವೈಕುಂಠ ಏಕಾದಶಿ ದಿನ ಹೋದರು. ಪುಣ್ಯವಂತರು."

"ಎದೀನೋವು ಇತ್ತೇನ್ರೀ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಎದೀನೋವಿನಿಂದ ಹೋಗೋರು ಅಂಥಾ ದಿನ ನೋಡಿ ಹೋಗ್ತಾರೇನ್ರೀ?"

ಕೊನೆಗೆ ನನಗೆ ಗೊತ್ತಿದ್ದದ್ದನ್ನೇ ಬರೆದೆ. ಅವರು ಹೇಳಿದಂತೆ ಬರೆದಿದ್ದರೆ, ಒಂದು ರೋಗವೂ ಇಲ್ಲದ ಮನೆತನದಲ್ಲಿ ಇಷ್ಟು ಜನ ಸತ್ತದ್ದು ಹೇಗೆಂದು ವಿಮಾ ಕಂಪನಿ ಪೊಲೀಸರಿಗೆ ದೂರು ಕೊಡುತ್ತಿತ್ತು.

ಫೋನಿನಲ್ಲಿ ಕುಶಲ

ಫಾರಂ ಹೋದ ಮೇಲೆ ಕೊನೆಯ ಮೆಟ್ಟಿಲು ಒಂದಿತ್ತು. ವಿಮಾ ಕಂಪನಿಯಿಂದ ಫೋನು ಬರುತ್ತದೆ, ಬರೆದದ್ದನ್ನೇ ಬಾಯಲ್ಲಿ ಹೇಳಬೇಕು, ಎರಡೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರ. ಒಂದು ಬೆಳಿಗ್ಗೆ ಫೋನು ಬಂತು. ಕನ್ನಡ ಮಾತಾಡುವ ಹುಡುಗಿ, ಬೆಂಗಳೂರಿನ ಆಫೀಸಿನಿಂದ. "ಸರ್, ಈ ಕರೆ ರೆಕಾರ್ಡ್ ಆಗ್ತಿದೆ. ಮೇಡಮ್ಮೇ ಉತ್ತರ ಹೇಳಬೇಕು. ನೀವು ಮಧ್ಯೆ ಬಾಯಿ ಹಾಕಿದ್ರೆ ಕರೆ ಅಲ್ಲಿಗೇ ರದ್ದು."

ಫೋನನ್ನು ಜೋರು ದನಿಗೆ ಹಾಕಿ ಇವಳ ಮುಂದಿಟ್ಟೆ.

"ಅಮ್ಮಾ, ನಿಮಗೆ ಏನಾದರೂ ಆರೋಗ್ಯದ ತೊಂದರೆ ಇದೆಯಾ?"

ಇವಳು ಒಂದು ಕ್ಷಣವೂ ತಡೆಯಲಿಲ್ಲ. "ದೇವರ ದಯ, ಎಲ್ಲಾ ಆರಾಮ ನೋಡವಾ."

ಬಲ ಪಕ್ಕೆ ಒತ್ತಿ ತೋರಿಸಿದೆ. ಎರಡು ಬೆರಳು ಎತ್ತಿದೆ. ಅಂಗಳಕ್ಕೆ ಓಡಿ ಎರಡು ಹರಳು ತಂದು ಇವಳ ಮುಂದಿಟ್ಟೆ. ಇವಳು ಫೋನಿಗೆ ಕೈ ಅಡ್ಡ ಹಿಡಿದು, "ಗುರುತಿಲ್ಲದವರ ಮುಂದ ಹೊಟ್ಟಿಯೊಳಗಿಂದೆಲ್ಲಾ ಹೇಳ್ತಾರೇನ್ರೀ?" ಎಂದು ಹರಳುಗಳನ್ನು ಕಿಟಕಿಯಾಚೆ ಎಸೆದಳು.

"ಹಾಗಾದ್ರೆ ಯಾವ ಕಾಯಿಲೆಯೂ ಇಲ್ಲ ಅಂತ ಬರ್ಕೊಳ್ಳಲಾ ಅಮ್ಮಾ?"

ಕುಶಲ ಕೇಳಿದವರನ್ನು ತಿರುಗಿ ಕುಶಲ ಕೇಳದೆ ಬಿಡುವುದು ನಮ್ಮ ಕಡೆ ಇಲ್ಲ. "ಅದಿರಲಿ, ನೀನು ಆರಾಮ ಅದೀಯೇನವಾ? ದನಿ ಸಣ್ಣದಾಗೇದ. ನಾಷ್ಟಾ ಮಾಡೀಯೋ ಇಲ್ಲೋ?"

ದಿನಕ್ಕೆ ನೂರು ಜನರ ರೋಗ ಕೇಳುವ ಹುಡುಗಿಯನ್ನು ಯಾರೂ ಹೀಗೆ ಕೇಳಿರಲಿಲ್ಲವೆಂದು ಕಾಣುತ್ತದೆ. "ಇಲ್ಲ ಅಮ್ಮಾ. ಮೂರು ದಿನದಿಂದ ಹೊಟ್ಟೆನೋವು. ಏನು ತಿಂದರೂ ಆಗ್ತಿಲ್ಲ."

ಇವಳು ಫೋನಿನ ಹತ್ತಿರ ಸರಿದು ಕೂತಳು. "ಎಲ್ಲಿ ನೋಯ್ತದ? ಬಲಗಡಿ, ಪಕ್ಕೆಲುಬಿನ ಕೆಳಗೇನು?"

"ಹೌದಮ್ಮಾ."

"ಎಣ್ಣಿ ಪದಾರ್ಥ ತಿಂದ ಮ್ಯಾಲೆ ಜಾಸ್ತಿ? ಬೆನ್ನಿಗೆ ಹಾಯ್ತದ? ಬಲಭುಜಕ್ಕ ಬರ್ತದ?"

"ಹೌದಮ್ಮಾ! ನಿಮಗೆ ಹೇಗೆ ಗೊತ್ತಾಯ್ತು?"

"ಹೆಂಗ ಅಂದ್ರ? ನನಗೂ ಹಂಗೇ ಆಗ್ತದಲ್ಲ ನನ್ನವ್ವಾ! ಎರಡು ಕಲ್ಲವ. ಒಂದು ಕಡ್ಲಿಯಷ್ಟು, ಒಂದು ತೊಗರಿಯಷ್ಟು. ಹ್ವಾದ ವರ್ಷ ಶ್ರಾವಣದಾಗ ಬಜ್ಜಿ ತಿಂದು ಎರಡು ದಿವಸ ಒದ್ದಾಡೀನಿ. ಹ್ವಾದ ತಿಂಗಳ ರಾಯಚೂರಿನಾಗ ಸ್ಕ್ಯಾನ್ ಮಾಡಿಸೀವಿ, ವರ್ಷದೊಳಗ ತೆಗೆಸ್ರಿ ಅಂದಾರ. ನೀನು ತಡಾ ಮಾಡಬ್ಯಾಡ..." ಫಾರಂ ಕೇಳಿದ್ದು, ಕೇಳದ್ದು, ಡಾಕ್ಟರಿಗೇ ಹೇಳದ್ದು, ಎಲ್ಲವನ್ನೂ ಇಪ್ಪತ್ತು ನಿಮಿಷ ವಿವರಿಸಿದಳು. ಎಲ್ಲವೂ ರೆಕಾರ್ಡ್ ಆಯಿತು.

ವಾರದೊಳಗೆ ಮಸ್ಕತ್ತಿನಿಂದ ಪತ್ರ ಬಂತು. ಬಂಗಾರದ ಯೋಜನೆ ಮಂಜೂರು, ಆರು ತಿಂಗಳ ನಂತರ ಎರಡೂ ಕಲ್ಲುಗಳ ಜವಾಬ್ದಾರಿ ಕಂಪನಿಯದು. ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತಿದ್ದೆವು, ಮತ್ತೆ ಫೋನು. ಅದೇ ಹುಡುಗಿ. ಈ ಸಲ ತನ್ನ ಸ್ವಂತ ಫೋನಿನಿಂದ.

"ಅಮ್ಮಾ, ಸ್ಕ್ಯಾನ್ ಮಾಡಿಸಿದೆ. ನೀವು ಹೇಳಿದ್ದೇ ನಿಜ, ಕಲ್ಲೇ."

"ಅಂಜಬ್ಯಾಡವಾ. ವಿಮಾ ಕಂಪನಿಯೊಳಗೇ ಅದಿ, ನಿನಗೇನು ಚಿಂತಿ?"

"ಇಲ್ಲಿ ಕೆಲಸ ಮಾಡೋರ ವಿಮೆಯಲ್ಲಿ ಕಲ್ಲು ಸೇರಿಸಲ್ಲ ಅಮ್ಮಾ. ನಿಮ್ಮ ಸಾಹುಕಾರರ ಗೋದಾಮಿನಲ್ಲಿ ಅಕ್ಕಿ ಆರಿಸೋ ಕೆಲಸ ಏನಾದ್ರೂ ಖಾಲಿ ಇದೆಯಾ?"