ಲಕ್ಷ್ಮೇಶ್ವರದಿಂದ ಮುಂಡರಗಿಗೆ ನಾಲ್ಕೇ ನಿಮಿಷ!

ಊರಿಂದೂರಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದವರಿಗೆಲ್ಲ ಅಳೆದು ಹೇಳುವ, ಮೊಬೈಲಿನೊಳಗೆ ವಾಸವಾಗಿರುವ ಮಹಾಗಣಿತಜ್ಞರ ಸನ್ನಿಧಿಗೆ,

ಮಾನ್ಯರೇ,

ಕೂಗಳತೆ, ಹರದಾರಿಗಳಲ್ಲಿ ದಾರಿ ಹೇಳುತ್ತಿದ್ದ ಅಜ್ಜನ ಕೈ ಹಿಡಿದು ನಡೆದ ಲಕ್ಷ್ಮೇಶ್ವರದ ವಿರೂಪಾಕ್ಷಪ್ಪನ ನಮಸ್ಕಾರಗಳು. ನಮ್ಮೂರಿಂದ ಮುಂಡರಗಿಗೆ ವಿಮಾನದಲ್ಲಿ ನಾಲ್ಕೇ ನಿಮಿಷವೆಂದು ತಾವು ಸಾರಿದ್ದೀರಿ. ಎರಡೂ ಊರಲ್ಲಿ ವಿಮಾನ ನಿಲ್ದಾಣವಿಲ್ಲವೆಂಬ ಸಣ್ಣ ಕೊರತೆಯೊಂದನ್ನು ಬಿಟ್ಟರೆ ತಮ್ಮ ಗಣಿತದಲ್ಲಿ ಕುಂದಿಲ್ಲ.

ಮೊನ್ನೆ ಮುಂಡರಗಿಯಲ್ಲಿ ನನ್ನ ಮಗಳು ಅಂಕಿತಾಳ ಕುಬಸವಿತ್ತು. ತಮಗೆ ಮಕ್ಕಳಿಲ್ಲದ ಕಾರಣ ವಿವರಿಸುತ್ತೇನೆ: ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಕುಪ್ಪಸ ತಂದು ಉಡಿಸಿದ ಮೇಲೆಯೇ ಆರತಿ. ತವರಿನ ಸೀರೆ ಬಾರದೆ ಅತ್ತೆಯ ಸೀರೆ ಉಟ್ಟವಳು ಆ ಮಾತನ್ನು ಮುಪ್ಪಿನವರೆಗೂ ಕೇಳಬೇಕಾಗುತ್ತದೆ. ನನ್ನ ಹೆಂಡತಿ ರೊಟ್ಟಿ ಬುತ್ತಿಯೊಂದಿಗೆ ಹಿಂದಿನ ದಿನವೇ ಹೋಗಿದ್ದಳು. ನಮ್ಮ ದರ್ಜಿ ಮಾಶಾಕ ಕುಪ್ಪಸಕ್ಕೆ ಕೊನೆಯ ಗುಂಡಿ ಹಚ್ಚಿದ್ದು ಆ ಬೆಳಿಗ್ಗೆಯಾದ್ದರಿಂದ, ಕುಪ್ಪಸ, ಸೀರೆಗಳ ಗಂಟು ಹಿಡಿದು ನಾನು ತಡವಾಗಿಯೇ ಬಸ್ಸು ಹತ್ತಿದೆ.

ಅತ್ತ ಬೀಗಿತ್ತಿ ಸುಮಿತ್ರವ್ವ, ಬೀಗರು ಎಷ್ಟೊತ್ತಿಗೆ ಬಂದಾರೆಂದು ತಮ್ಮನ್ನು ಕೇಳಿದರಂತೆ. ತಾವು 'ನಾಲ್ಕು' ಎಂಬುದನ್ನು ಕುಂಬಳಕಾಯಿಯಷ್ಟು ದೊಡ್ಡದಾಗಿಯೂ, 'ವಿಮಾನ' ಎಂಬುದನ್ನು ಸಾಸಿವೆಯಷ್ಟು ಸಣ್ಣದಾಗಿಯೂ ತೋರಿಸಿದಿರಿ. ಅವರ ಚಷ್ಮಾ ದೇವರ ಜಗುಲಿಯ ಮೇಲಿತ್ತು. ಕೂಡಲೇ ಅಂಕಿತಾಳನ್ನು ಮಣೆಯ ಮೇಲೆ ಕೂರಿಸಿಬಿಟ್ಟರು.

ನಾನು ಶಿರಹಟ್ಟಿ ನಿಲ್ದಾಣದಲ್ಲಿ ಮುಂಡರಗಿ ಬಸ್ಸಿನ ದಾರಿ ಕಾಯುತ್ತಿದ್ದಾಗ ಅವರ ಫೋನು ಬಂತು. "ಏನ್ರಿ ಬೀಗರ, ನಾಕ ನಿಮಿಷದ ಹಾದಿಗೆ ಇಷ್ಟೊತ್ತೇನ್ರಿ? ಸೀರಿ ನೇಯಿಸಾಕ ಬೆಟಗೇರಿಗೆ ಹೋಗೀರೇನು?" ಈ ಮಾತು ನಿಲ್ದಾಣಕ್ಕೆಲ್ಲ ಕೇಳಿಸಿತು. ಶೇಂಗಾ ಮಾರುವವಳು ಕೂಡ ನನ್ನ ಗಂಟನ್ನು ಕನಿಕರದಿಂದ ನೋಡಿದಳು.

ಬಸ್ಸು ಕಪ್ಪತಗುಡ್ಡವನ್ನು ಬಳಸಿಕೊಂಡು ಮುಂಡರಗಿ ಸೇರುವಷ್ಟರಲ್ಲಿ ರಾಹುಕಾಲ ಹತ್ತಿರವಾಗಿತ್ತು. ಬೀಗಿತ್ತಿ ತಮ್ಮ ಟ್ರಂಕಿನಿಂದ ಒಂದು ಸೀರೆಯನ್ನೂ ತೆಗೆಸಿದ್ದರು. ಆದರೆ ನನ್ನ ಮಗಳು ಕದಲಿರಲಿಲ್ಲ. "ಅತ್ತಿ, ನಮ್ಮಪ್ಪ ಕೆಂಪು ಬಸ್ಸಿಗೆ ಬರ್ತಾನ್ರಿ, ಹಾರಿ ಬರಂಗಿಲ್ಲ. ಅಂವಾ ಬರೋತನಾ ನಾ ಮಣಿ ಬಿಟ್ಟು ಏಳಂಗಿಲ್ಲ" ಎಂದು ಕುಳಿತುಬಿಟ್ಟಿದ್ದಳಂತೆ. ಹಾಡುವ ಹೆಂಗಸರು ಇದ್ದ ಹಾಡನ್ನೇ ಮತ್ತೆ ಮತ್ತೆ ಹಾಡಿ ದನಿ ಕಳೆದುಕೊಂಡಿದ್ದರು. ಕಡೆಗೂ ತವರಿನ ಸೀರೆಯಲ್ಲೇ ಆರತಿಯಾಯಿತು. ಮಾನ ಉಳಿಯಿತು, ಆದರೆ ಹೆಸರು ಹೋಯಿತು. ಮುಂಡರಗಿಯ ಪೇಟೆಯಲ್ಲಿ ಈಗ ನಾನು 'ವಿಮಾನದ ಬೀಗರು'.

ಆದ್ದರಿಂದ ಎರಡು ಬಿನ್ನಹ. ನಮ್ಮ ಸೀಮೆಯಲ್ಲಿ ತಮ್ಮ ಲೆಕ್ಕದಂತೆ ನೆಟ್ಟಗೆ ಹಾರುವವು ಚಳಿಗಾಲಕ್ಕೆ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳು ಮಾತ್ರ. ಅವುಗಳ ಒಪ್ಪಿಗೆ ಪಡೆದು ಅಲ್ಲೊಂದು ವಿಮಾನ ನಿಲ್ದಾಣ ಕಟ್ಟಿಸಿಕೊಡಿ. ಆಗದಿದ್ದರೆ ಕಪ್ಪತಗುಡ್ಡವನ್ನಾದರೂ ತುಸು ಪಕ್ಕಕ್ಕೆ ಸರಿಸಿಕೊಡಿ.

ಸದಾ ನೆಲದ ಮೇಲೆಯೇ ಇರುವ, ತಮ್ಮ ವಿಶ್ವಾಸಿ,
ವಿರೂಪಾಕ್ಷಪ್ಪ, ಲಕ್ಷ್ಮೇಶ್ವರ

ತಾ.ಕ.: ಹೆರಿಗೆ ನಮ್ಮಲ್ಲೇ. ಕೂಸಿನ ತೊಟ್ಟಿಲ ಕಾರ್ಯಕ್ಕೆ ಸುಮಿತ್ರವ್ವನವರು ಲಕ್ಷ್ಮೇಶ್ವರಕ್ಕೆ ಬರಬೇಕು. ಅಲ್ಲಿಯವರೆಗೆ ದಯವಿಟ್ಟು ತಮ್ಮ ಲೆಕ್ಕವನ್ನು ತಿದ್ದಬೇಡಿ. ನಾನು ಫೋನು ಕೈಯಲ್ಲಿ ಹಿಡಿದು, ಐದನೆಯ ನಿಮಿಷಕ್ಕಾಗಿ ಕಾಯುತ್ತಿರುತ್ತೇನೆ.